ಅಜ್ಜನೆಂಬ ಹೊಳೆ, ದನ ಮೇದ ಗುಡ್ಡ: ರಿಯೊ ದೊಸಿ ಕಣಿವೆಯಲ್ಲಿ ಮಳೆಕಾಡಿನ ಮರುಹುಟ್ಟು

ಬ್ರೆಜಿಲ್ ದೇಶದ ಮಿನಾಸ್ ಜೆರಾಯಿಸ್ ರಾಜ್ಯದ ಪೂರ್ವದಂಚಿನಲ್ಲಿ ಐಮೊರೆಸ್ ಎಂಬ ಸಣ್ಣ ಪಟ್ಟಣವಿದೆ. ರಿಯೊ ದೊಸಿ, ಅಂದರೆ ‘ಸಿಹಿ ಹೊಳೆ’, ಈ ಪಟ್ಟಣದ ಮಗ್ಗುಲಲ್ಲಿ ಹಾದು ನೆರೆಯ ಎಸ್ಪಿರಿತು ಸಾಂತು ರಾಜ್ಯವನ್ನು ಹೊಕ್ಕು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ದನಗಳು ಮೇದು ಬೋಳಾಗಿದ್ದ ಗುಡ್ಡಗಳ ಮೇಲೆ ಅಲ್ಲಿನ ಮೂಲ ಮಳೆಕಾಡನ್ನು ಮರಳಿ ಬೆಳೆಸಿದ ಬುಲ್ಕಾಂವ್ ಜಮೀನು ಇರುವುದು ಇಲ್ಲಿಯೇ. ಆ ಕಾರಣಕ್ಕಾಗಿ ಕಳೆದ ಕಾಲು ಶತಮಾನದಲ್ಲಿ ಈ ಊರಿನ ಹೆಸರು ಜಗತ್ತಿನ ಪರಿಸರ ಚರ್ಚೆಗಳಲ್ಲಿ ಮೇಲಿಂದ ಮೇಲೆ ಕೇಳಿಬಂದಿದೆ. ಆದರೆ ಊರಿನ ಹೆಸರು ಎಲ್ಲಿಂದ ಬಂತೆಂಬುದನ್ನು ಕೇಳಿದವರು ಕಡಿಮೆ. ಕರಾವಳಿಯ ತುಪಿ ಭಾಷಿಕರು ಒಳನಾಡಿನ ತಮ್ಮ ಹಗೆಗಳಿಗೆ ‘ಐಮೊರೆ’ ಎಂದು ಹೆಸರಿಟ್ಟಿದ್ದರು. ಪೋರ್ಚುಗೀಸರು ಅದೇ ಜನರನ್ನು ಮುಂದೆ ‘ಬೊತೊಕುದೊ’ ಎಂದು ಕರೆದರು. ‘ಬೊತೊಕೆ’ ಎಂದರೆ ಪೀಪಾಯಿಯ ಬಿರಡೆ. ತುಟಿಗೂ ಕಿವಿಗೂ ಮರದ ಬಿಲ್ಲೆ ತೊಡುತ್ತಿದ್ದ ಜನರನ್ನು ಆಡಿಕೊಳ್ಳಲು ಹುಟ್ಟಿದ ಮಾತು ಅದು. ಆ ಜನರು ತಮ್ಮನ್ನು ತಾವು ಕರೆದುಕೊಂಡದ್ದು ‘ಬೊರುನ್’ ಎಂದು. ಹೀಗೆ ಹಗೆಯಿಟ್ಟ ಹೆಸರು ನಕಾಶೆಯಲ್ಲಿ ಊರಾಗಿ ಉಳಿಯಿತು. ಹೆಸರಿನ ಜನ ಆ ನೆಲದಿಂದ ಕಾಣೆಯಾದರು. ಐಮೊರೆಸ್‌ನ ಕಾಡಿನ ಚರಿತ್ರೆಯನ್ನು ಆರಂಭಿಸಬೇಕಾದದ್ದು 1998ರಲ್ಲಿ ನೆಟ್ಟ ಬೇಲಿಯಿಂದಲ್ಲ, ಈ ಹೆಸರಿನಿಂದ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಮಿನಾಸ್ ಜೆರಾಯಿಸ್‌ನ ಎತ್ತರದ ನಾಡಿನಲ್ಲಿ ಚಿನ್ನ ಸಿಕ್ಕಿತು. ಚಿನ್ನವು ತೆರಿಗೆ ತಪ್ಪಿಸಿಕೊಂಡು ಕಡಲ ಕಡೆಗೆ ಕಳ್ಳದಾರಿಯಲ್ಲಿ ಸಾಗದಂತೆ ಪೋರ್ಚುಗೀಸ್ ಅರಸೊತ್ತಿಗೆಯು ಪೂರ್ವದ ದಟ್ಟ ಕಾಡನ್ನು ಮುಟ್ಟಬಾರದ ಸೀಮೆಯೆಂದು ಸಾರಿತು. ಕಾಡಿನ ದಟ್ಟಣೆ ಮತ್ತು ಬೊತೊಕುದೊಗಳ ಬಿಲ್ಲಿನ ಭಯ ಎರಡೂ ಸೇರಿ ಅರಸನಿಗೆ ಖರ್ಚಿಲ್ಲದ ಕೋಟೆಗೋಡೆಯಾದವು. ಅಟ್ಲಾಂಟಿಕ್ ಮಳೆಕಾಡು ಬೇರೆ ಕಡೆಗಳಲ್ಲಿ ಕಬ್ಬಿಗೂ ಹಡಗಿನ ಮರಕ್ಕೂ ಬಲಿಯಾಗುತ್ತಿದ್ದ ಕಾಲದಲ್ಲಿ ದೊಸಿ ಕಣಿವೆಯ ಕಾಡು ಉಳಿದುಕೊಂಡ ಬಗೆ ಇದು. ಅರಸನು ಅದನ್ನು ಕಾಪಾಡಿದ್ದು ಕಾಡಿನ ಮೇಲಿನ ಒಲವಿನಿಂದಲ್ಲ, ಚಿನ್ನದ ಮೇಲಿನ ಆಸೆಯಿಂದ ಎಂಬುದು ಬೇರೆ ಮಾತು.

ಚಿನ್ನ ಬತ್ತಿದ ಮೇಲೆ ಕೋಟೆಗೋಡೆಯ ಅಗತ್ಯ ಉಳಿಯಲಿಲ್ಲ. ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ಪೋರ್ಚುಗಲ್‌ನ ಆಸ್ಥಾನವೇ ಹಡಗು ಹತ್ತಿ 1808ರ ಮಾರ್ಚ್‌ನಲ್ಲಿ ರಿಯೊ ದಿ ಜನೈರೊ ತಲುಪಿತು. ಅದಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ, 1808ರ ಮೇ 13ರಂದು, ರಾಜಪ್ರತಿನಿಧಿ ಜುವಾಂವ್ ಬೊತೊಕುದೊಗಳ ಮೇಲೆ ಯುದ್ಧ ಸಾರುವ ರಾಜಾಜ್ಞೆಯನ್ನು ಮಿನಾಸ್ ಜೆರಾಯಿಸ್‌ನ ಅಧಿಕಾರಿಗೆ ಕಳುಹಿಸಿದನು. ಸೆರೆಸಿಕ್ಕವರನ್ನು ಹತ್ತು ವರ್ಷಗಳ ಕಾಲ, ಅಥವಾ ಅವರ ‘ಕ್ರೌರ್ಯ’ ಅಡಗುವವರೆಗೆ, ದುಡಿಸಿಕೊಳ್ಳಬಹುದೆಂದು ಅದರಲ್ಲಿ ಅನುಮತಿಯಿತ್ತು. ಕ್ರೌರ್ಯ ಅಡಗಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವನು ದುಡಿಸಿಕೊಳ್ಳುವವನೇ ಆಗಿದ್ದನು. ಈ ಆಜ್ಞೆ ರದ್ದಾದದ್ದು 1831ರಲ್ಲಿ. ಅಷ್ಟರೊಳಗೆ ಹೊಳೆಯುದ್ದಕ್ಕೂ ಸೈನಿಕ ಠಾಣ್ಯಗಳೂ ಅವುಗಳ ಬೆನ್ನಿಗೆ ಒಕ್ಕಲುಗಳೂ ಬಂದಿದ್ದವು.

ಆದರೂ ಕೊಡಲಿಯ ನಿಜವಾದ ಕಾಲ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ವಿತೋರಿಯಾ ಬಂದರಿನಿಂದ ಮಿನಾಸ್‌ಗೆ ಹೋಗುವ ರೈಲುದಾರಿಯ ಕೆಲಸ 1903ರಲ್ಲಿ ಆರಂಭವಾಯಿತು. ಕಾಫಿಗಾಗಿ ಹಾಕಲು ಹೊರಟ ಹಳಿ ಇತಾಬಿರಾದ ಕಬ್ಬಿಣದ ಅದಿರಿನ ಕಡೆಗೆ ತಿರುಗಿತು. 1942ರಲ್ಲಿ ಸರಕಾರವು ಅದಿರಿಗಾಗಿ ಕಂಪನಿಯೊಂದನ್ನು ಕಟ್ಟಿ ಅದಕ್ಕೆ ಹೊಳೆಯ ಹೆಸರನ್ನೇ ಇಟ್ಟಿತು. ಹಳಿಯ ಕೆಳಗಿನ ಸ್ಲೀಪರುಗಳಿಗೆ ಮರ ಬೇಕು, ಎಂಜಿನ್ನಿಗೆ ಸೌದೆ ಬೇಕು, ಕಣಿವೆಯ ಮೇಲ್ಭಾಗದ ಉಕ್ಕಿನ ಕುಲುಮೆಗಳಿಗೆ ಇದ್ದಿಲು ಬೇಕು. ಕಡಿದ ಜಾಗಕ್ಕೆ ಬೆಂಕಿ ಹಾಕಿ ಒಂದೆರಡು ವರ್ಷ ಜೋಳ, ಹುರುಳಿಕಾಯಿ ಬೆಳೆದು, ಆಮೇಲೆ ಹುಲ್ಲು ಬಿತ್ತಿ ದನ ಬಿಡುವುದು ರೂಢಿಯಾಯಿತು.

ಕನ್ನಡದ ಓದುಗರು ಈ ಹುಲ್ಲನ್ನೂ ಈ ದನವನ್ನೂ ನಿಂತು ನೋಡಬೇಕು. ಕಣಿವೆಯನ್ನು ಆವರಿಸಿದ ‘ಕೊಲೊನಿಯಾಂವ್’ ಎಂಬ ಎತ್ತರದ ಹುಲ್ಲು ನಮ್ಮ ರೈತರು ಬದುವಿನಲ್ಲಿ ಬೆಳೆಯುವ ಗಿನಿ ಹುಲ್ಲೇ. ಅದರ ಮೂಲ ಆಫ್ರಿಕ. ಗುಲಾಮರನ್ನು ಹೊತ್ತು ತಂದ ಹಡಗುಗಳಲ್ಲಿ ಹಾಸಿಗೆಯಾಗಿ ಹಾಸಿದ್ದ ಒಣಹುಲ್ಲಿನ ಬೀಜ ದಡದಲ್ಲಿ ಬಿದ್ದು ಮೊಳೆಯಿತೆಂದು ಬ್ರೆಜಿಲ್‌ನಲ್ಲಿ ಹೇಳುತ್ತಾರೆ. ಇದು ಐತಿಹ್ಯದ ಮಾತಾದರೂ ಹುಲ್ಲಿನ ಹಾದಿಯನ್ನೂ ಮನುಷ್ಯರ ಹಾದಿಯನ್ನೂ ಒಂದೇ ಹಡಗಿನಲ್ಲಿ ಇರಿಸಿ ನೋಡುವ ಜನಪದ ವಿವೇಕ ಅದರಲ್ಲಿದೆ. ಮುಂದೆ ಬಂದ ಬ್ರಾಕಿಯಾರಿಯ ಹುಲ್ಲೂ ಆಫ್ರಿಕದ್ದೇ. ಹುಲ್ಲು ಆಫ್ರಿಕದ್ದಾದರೆ ದನ ಭಾರತದ್ದು. ಬ್ರೆಜಿಲ್‌ನ ಹುಲ್ಲುಗಾವಲುಗಳಲ್ಲಿ ಎದ್ದು ಕಾಣುವ ಡುಬ್ಬದ ಬಿಳಿ ದನ ‘ನೆಲೋರೆ’ ಆಂಧ್ರ ಕರಾವಳಿಯ ಒಂಗೋಲು ತಳಿ. ನೆಲ್ಲೂರಿನ ಹೆಸರು ಅದರ ಮೇಲೆ ಉಳಿದಿದೆ. ‘ಜಿರ್’ ಎನ್ನುವುದು ಕಾಠಿಯಾವಾಡದ ಗೀರ್, ‘ಗುಜೆರಾ’ ಎನ್ನುವುದು ಗುಜರಾತಿನ ಕಾಂಕ್ರೇಜ್. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮಿನಾಸ್ ಜೆರಾಯಿಸ್‌ನ ಉಬೆರಾಬಾ ಊರಿನ ಜಮೀನ್ದಾರರು ಭಾರತಕ್ಕೆ ಜನರನ್ನು ಕಳುಹಿಸಿ ಹೋರಿಗಳನ್ನು ತರಿಸಿದರು. ದೊಡ್ಡ ಪ್ರಮಾಣದ ಕೊನೆಯ ಆಮದು ನಡೆದದ್ದು 1960ರ ದಶಕದ ಮೊದಲಲ್ಲಿ. ಇಂದು ಆ ದೇಶದ ದನಗಳಲ್ಲಿ ಬಹುಪಾಲಿನವುಗಳ ಮೈಯಲ್ಲಿ ಹರಿಯುವುದು ಈ ರಕ್ತ.

ದನವು ಕಾಡಿಗೆ ತಾನಾಗಿಯೇ ಹಗೆಯಲ್ಲ. ಕರ್ನಾಟಕದ ಕಾಡುಗೊಲ್ಲರ ಹೆಸರಿನಲ್ಲಿಯೇ ಕಾಡಿದೆ. ಜುಂಜಪ್ಪನ ಕಾವ್ಯದಲ್ಲಿ ದನವೂ ಅಡವಿಯೂ ಒಂದನ್ನೊಂದು ಬಿಟ್ಟು ಬಾಳುವುದಿಲ್ಲ. ಯಾವ ಋತುವಿನಲ್ಲಿ ಯಾವ ಕಡೆಗೆ ಮಂದೆ ತಿರುಗಬೇಕು, ಯಾವ ಮರದ ಸೊಪ್ಪನ್ನು ಮುಟ್ಟಬಾರದು, ಯಾವ ಹಳ್ಳವನ್ನು ದಾಟಬಾರದು ಎಂಬ ಕಟ್ಟಳೆಗಳು ದನಗಾಹಿಗಳ ಬದುಕಿನಲ್ಲಿ ನಂಬಿಕೆಯ ರೂಪದಲ್ಲಿ ಸೇರಿಕೊಂಡಿರುತ್ತವೆ. ಒಂಗೋಲಿನ ಹೋರಿ ಹಡಗು ಹತ್ತಿತು. ಅದರ ಜೊತೆಗಿದ್ದ ಕಟ್ಟಳೆ ಹತ್ತಲಿಲ್ಲ. ಬ್ರೆಜಿಲ್‌ನ ಜನಪದರಿಗೆ ದನದ ಪರಂಪರೆ ಇಲ್ಲವೆಂದಲ್ಲ. ಸತ್ತು ಮತ್ತೆ ಎದ್ದು ಕುಣಿಯುವ ಎತ್ತಿನ ಕಥೆಯನ್ನಾಡುವ ‘ಬುಂಬಾ ಮೆವ್ ಬೊಯ್’ ಆಟ ಅಲ್ಲಿ ಹೆಸರುವಾಸಿ. ಆದರೆ ದೊಸಿ ಕಣಿವೆಯಲ್ಲಿ ದನವು ಬಂದದ್ದು ಮಂದೆಯ ಒಡನಾಡಿಯಾಗಿ ಅಲ್ಲ, ಜಮೀನಿನ ಹಕ್ಕುಪತ್ರದ ಸಾಕ್ಷಿಯಾಗಿ. ಕಾಡನ್ನು ಕಡಿದು ದನ ಬಿಟ್ಟವನೇ ಒಡೆಯನೆಂಬುದು ಅಲ್ಲಿನ ನಡಾವಳಿಯಾಗಿತ್ತು. ತಂತಿಬೇಲಿಯೊಳಗೆ ವರ್ಷವಿಡೀ ಅದೇ ಇಳಿಜಾರನ್ನು ತುಳಿದ ಗೊರಸುಗಳ ಕೆಳಗೆ ನೆಲ ಗಟ್ಟಿಯಾಯಿತು. ಮಳೆನೀರು ಇಂಗದೆ ಹರಿದು ಕೊರಕಲುಗಳನ್ನು ಕೊರೆಯಿತು. ಒರತೆಗಳು ಬತ್ತಿದವು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಹುಲ್ಲೂ ಸೊರಗಿತು.

ಇದೇ ಕಾಲದಲ್ಲಿ ಬೊರುನ್ ಜನರ ಕಥೆ ಏನಾಯಿತು? ಅವರಲ್ಲಿ ಉಳಿದ ಮುಖ್ಯ ಗುಂಪು ಕ್ರೆನಾಕ್. ಇದು ಮುಖಂಡನೊಬ್ಬನ ಹೆಸರಿನಿಂದ ಬಂದದ್ದು. ‘ಕ್ರೆ’ ಎಂದರೆ ತಲೆ, ‘ನಾಕ್’ ಎಂದರೆ ನೆಲ ಎಂದು ಆ ಸಮುದಾಯದ ಚಿಂತಕ ಐಲ್ಟನ್ ಕ್ರೆನಾಕ್ ಬಿಡಿಸಿ ಹೇಳಿದ್ದಾರೆ. ರಷ್ಯಾದ ಜನಾಂಗ ಅಧ್ಯಯನಕಾರ ಮಾನಿಜರ್ 1915ರಲ್ಲಿ ಇವರ ನಡುವೆ ಇದ್ದು ಭಾಷೆ, ಹಾಡು, ಆಚರಣೆಗಳನ್ನು ದಾಖಲಿಸಿದನು. ಕುರ್ಟ್ ನಿಮುಎಂಡಜು 1939ರಲ್ಲಿ ಬಂದು ಸಂಗ್ರಹಿಸಿದ ವಿವರಗಳು 1946ರಲ್ಲಿ ಅಚ್ಚಾದವು. ಕಾಡು ಉರುಳುತ್ತಿದ್ದ ಸದ್ದಿನ ನಡುವೆ ಬರೆದಿಟ್ಟ ದಾಖಲೆಗಳಿವು. ಕ್ರೆನಾಕರು ಹೊಳೆಯನ್ನು ‘ವಾತು’ ಎನ್ನುತ್ತಾರೆ. ವಾತು ಅವರಿಗೆ ಅಜ್ಜ. ತುಂಗೆ, ಭದ್ರೆ, ಕಾವೇರಿಯರನ್ನು ತಾಯಿ ಎಂದು ಕರೆದು ಬಾಗಿನ ಕೊಡುವ ನಾಡಿಗೆ ಹೊಳೆಯೊಂದಿಗಿನ ನೆಂಟಸ್ತಿಕೆ ಹೊಸದಲ್ಲ. ಆದರೆ ತಾಯಿಯನ್ನು ಪೂಜಿಸುವುದಕ್ಕೂ ಅಜ್ಜನ ಮಾತು ಕೇಳುವುದಕ್ಕೂ ವ್ಯತ್ಯಾಸವಿದೆ. ಆಕಾಶವು ನೆಲಕ್ಕೆ ತೀರ ಹತ್ತಿರ ಇಳಿದುಬರುವ ಕಾಲವೊಂದಿದೆ, ಆಗ ಜನ ಹಾಡಿ ಕುಣಿದು ಅದನ್ನು ಮೇಲೆತ್ತಬೇಕು ಎಂಬ ನಂಬಿಕೆ ಅವರಲ್ಲಿದೆ. ಆ ಕುಣಿತಕ್ಕೆ ‘ತಾರು ಅಂದೆಕ್’ ಎಂದು ಹೆಸರು.

ಹೊಳೆಯ ಎಡದಂಡೆಯಲ್ಲಿ, ಐಮೊರೆಸ್‌ಗೆ ಅಂಟಿಕೊಂಡ ರೆಸ್ಪ್ಲೆಂಡೋರ್ ಸೀಮೆಯಲ್ಲಿ, 1920ರಲ್ಲಿ ಇವರಿಗೆ ಸುಮಾರು 4,000 ಹೆಕ್ಟೇರ್ ನೆಲ ಬಿಟ್ಟುಕೊಟ್ಟಂತೆ ಕಾಗದವಾಯಿತು. ಆದರೆ ಅದನ್ನು ಜಮೀನ್ದಾರರಿಗೆ ಗೇಣಿಗೆ ಕೊಡಲಾಯಿತು. ಸೈನಿಕ ಆಡಳಿತದ ಕಾಲದಲ್ಲಿ, 1969ರಲ್ಲಿ, ಅದೇ ನೆಲದ ಮೇಲೆ ಆದಿವಾಸಿಗಳಿಗಾಗಿ ‘ಸುಧಾರಣಾ ಕೇಂದ್ರ’ವೆಂಬ ಸೆರೆಮನೆ ಎದ್ದಿತು. ದೇಶದ ನಾನಾ ಕಡೆಯ ಆದಿವಾಸಿಗಳನ್ನು ಅಲ್ಲಿ ಕೂಡಿಹಾಕಿದರು. ತಾಯ್ನುಡಿಯಲ್ಲಿ ಮಾತಾಡುವುದು ಅಲ್ಲಿ ಶಿಕ್ಷೆಗೆ ಗುರಿಯಾಗುವ ತಪ್ಪಾಗಿತ್ತು. 1972ರಲ್ಲಿ ಕ್ರೆನಾಕರನ್ನೇ ಹೊಳೆಯಿಂದ ದೂರದ ಬೇರೊಂದು ಜಮೀನಿಗೆ ಸಾಗಿಸಿದರು. ಕೆಲವು ಕುಟುಂಬಗಳು 1980ರ ವೇಳೆಗೆ ಹಿಂದಿರುಗಿ ಬಂದವು. ನ್ಯಾಯಾಲಯದ ದೀರ್ಘ ಹೋರಾಟದ ನಂತರ 1997ರ ಹೊತ್ತಿಗೆ ಆ 4,000 ಹೆಕ್ಟೇರ್ ಅವರ ಕೈಗೆ ಮರಳಿತು. ಮರಳಿದ್ದು ಕಾಡಲ್ಲ, ದನ ಮೇದು ಬಿಟ್ಟ ಗುಡ್ಡ.

ಅದರ ಮರುವರ್ಷವೇ, 1998ರ ಏಪ್ರಿಲ್‌ನಲ್ಲಿ, ನೆರೆಯ ಐಮೊರೆಸ್‌ನಲ್ಲಿ ‘ಇನ್‌ಸ್ಟಿಟ್ಯೂಟೊ ತೆರಾ’ ಸ್ಥಾಪನೆಯಾಯಿತು. ಛಾಯಾಚಿತ್ರಕಾರ ಸೆಬಾಸ್ಟಿಯಾಂವ್ ಸಾಲ್ಗಾದೊ 1944ರಲ್ಲಿ ಹುಟ್ಟಿದ್ದು ಇದೇ ಸೀಮೆಯಲ್ಲಿ. ಅರ್ಥಶಾಸ್ತ್ರ ಓದಿ, ಸೈನಿಕ ಆಡಳಿತದ ದಿನಗಳಲ್ಲಿ 1969ರಲ್ಲಿ ದೇಶ ಬಿಟ್ಟು ಫ್ರಾನ್ಸಿಗೆ ಹೋದ ಅವರು ಕೂಲಿಗಳ, ನಿರಾಶ್ರಿತರ ಚಿತ್ರಗಳಿಂದ ಲೋಕವಿಖ್ಯಾತರಾದರು. 1994ರ ರುವಾಂಡಾ ಹತ್ಯಾಕಾಂಡವನ್ನು ಕಂಡು ಮೈಮನಸ್ಸು ಕೆಟ್ಟು ಊರಿಗೆ ಬಂದಾಗ ತಂದೆಯ ಬುಲ್ಕಾಂವ್ ಜಮೀನೂ ಅವರಷ್ಟೇ ಬಳಲಿತ್ತು. ಬಾಲ್ಯದಲ್ಲಿ ಆ ಜಮೀನಿನ ಅರ್ಧಕ್ಕಿಂತ ಹೆಚ್ಚು ಭಾಗ ಮಳೆಕಾಡಾಗಿತ್ತು. ಅದು ತಮ್ಮ ಕೈಗೆ ಬಂದಾಗ ಶೇಕಡ ಅರ್ಧದಷ್ಟೂ ಕಾಡು ಉಳಿದಿರಲಿಲ್ಲ ಎಂದು ಅವರು 2013ರ ಉಪನ್ಯಾಸವೊಂದರಲ್ಲಿ ಹೇಳಿದರು. ಕಾಡನ್ನು ಮರಳಿ ನೆಡೋಣವೆಂದವರು ಪತ್ನಿ ಲೇಲಿಯಾ ವಾನಿಕ್ ಸಾಲ್ಗಾದೊ. ಪ್ರಚಾರದ ಬೆಳಕೆಲ್ಲ ಕ್ಯಾಮೆರಾ ಹಿಡಿದ ಕೈಯ ಮೇಲೆ ಬಿದ್ದುದರಿಂದ ಈ ಸಂಗತಿ ಹಲವು ಬರಹಗಳಲ್ಲಿ ಅಡಿಟಿಪ್ಪಣಿಯಾಗಿಬಿಟ್ಟಿದೆ.

ಸುಮಾರು 710 ಹೆಕ್ಟೇರ್ ಜಮೀನಿನಲ್ಲಿ 600ಕ್ಕೂ ಹೆಚ್ಚು ಹೆಕ್ಟೇರನ್ನು ಖಾಸಗಿ ನಿಸರ್ಗ ಮೀಸಲು ಎಂದು 1998ರಲ್ಲಿಯೇ ಘೋಷಿಸಲಾಯಿತು. ಸಾಮಾನ್ಯವಾಗಿ ಇರುವ ಕಾಡಿಗೆ ಇಂತಹ ಮನ್ನಣೆ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ಇನ್ನೂ ಹುಟ್ಟಬೇಕಾದ ಕಾಡಿಗೆ. 1999ರ ಕೊನೆಯಲ್ಲಿ, ಮಳೆಗಾಲದ ಆರಂಭದಲ್ಲಿ, ಶಾಲಾಮಕ್ಕಳ ಕೈಯಿಂದ ಮೊದಲ ಸಸಿಗಳನ್ನು ನೆಡಿಸಿದರು. ಮೊದಲ ವರ್ಷದ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಗಟ್ಟಿ ನೆಲ, ಬೇರು ಬಿಡದ ಬ್ರಾಕಿಯಾರಿಯ, ಎಲೆ ಕತ್ತರಿಸಿ ಹೊತ್ತೊಯ್ಯುವ ಇರುವೆ, ಬೇಸಗೆಯ ಕಾಳ್ಗಿಚ್ಚು ಇವುಗಳೊಡನೆ ಸೆಣಸಿ ಕಲಿತ ಪಾಠವೆಂದರೆ ಕಾಡನ್ನು ಒಂದೇ ಸಲಕ್ಕೆ ನೆಡಲಾಗದು ಎಂಬುದು. ಮೊದಲು ಬಿಸಿಲನ್ನು ತಾಳಿ ಬೇಗ ಬೆಳೆಯುವ, ಅಲ್ಪಾಯುಷಿ ಮರಗಳು ಬರಬೇಕು. ಅವು ನೆರಳು ಕೊಟ್ಟು, ಎಲೆ ಉದುರಿಸಿ, ಹುಲ್ಲನ್ನು ಸೊರಗಿಸಿದ ಮೇಲೆ ನೆರಳಿನಲ್ಲಿ ಮೆಲ್ಲನೆ ಏಳುವ ಜೆಕಿತಿಬಾ, ಪೆರೋಬಾ, ಜಕರಂದಾಗಳು ಉಳಿಯುತ್ತವೆ. ಈ ಜಕರಂದಾ ನಮ್ಮ ಬೀದಿಬದಿಯ ನೀಲಿ ಹೂವಿನ ಮರವಲ್ಲ. ಮಲೆನಾಡಿನ ಬೀಟೆಯ ಕುಲಕ್ಕೆ ಸೇರಿದ ಕರಿಮರ. ಬೀಟೆಯಂತೆಯೇ ಪೀಠೋಪಕರಣದ ಆಸೆಗೆ ಬಲಿಯಾಗಿ ವಿರಳವಾದದ್ದು.

ಬೀಜ ಎಲ್ಲಿಂದ ಬಂತು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಕಾಡೇ ಇಲ್ಲದ ಕಡೆ ಕಾಡಿನ ಬೀಜ ಸಿಗುವುದಿಲ್ಲ. ಆರಂಭದ ಸಸಿಗಳು ಬಂದದ್ದು ಹೊಳೆಯ ಕೆಳಭಾಗದ ಲಿನ್ಯಾರೆಸ್‌ನಲ್ಲಿ ಅದಿರು ಕಂಪನಿಯೇ ಇಟ್ಟುಕೊಂಡಿದ್ದ ಮೀಸಲು ಕಾಡಿನ ಸಸಿಮಡಿಯಿಂದ. ಆ ಕಾಡನ್ನು ಕಂಪನಿ 1950ರ ದಶಕದಲ್ಲಿ ಕೊಳ್ಳತೊಡಗಿದ್ದು ಮುಂದೆ ಹಳಿಗೆ ಬೇಕಾಗುವ ಸ್ಲೀಪರುಗಳಿಗಾಗಿ. ಕಡಿಯಲೆಂದು ಕೂಡಿಟ್ಟ ಕಾಡು ಕಡಿಯದೆ ಉಳಿದು ಬೀಜದ ಕಣಜವಾಯಿತು. ಮುಂದೆ ಸಂಸ್ಥೆ ತನ್ನದೇ ಸಸಿಮಡಿ ಕಟ್ಟಿತು. ಸುತ್ತಲಿನ ತುಣುಕು ಕಾಡುಗಳಲ್ಲಿ ತಾಯಿಮರಗಳನ್ನು ಗುರುತಿಸಿ, ಯಾವ ಮರ ಯಾವ ತಿಂಗಳಲ್ಲಿ ಕಾಯಿ ಬಿಡುತ್ತದೆಂದು ನೋಡಿ, ಬೀಜ ಆಯುವ ಕೆಲಸ ನಡೆಯಿತು. ಈ ತಿಳಿವಳಿಕೆ ಒಂದು ಕಾಲಕ್ಕೆ ಬೊರುನ್ ಮಕ್ಕಳು ನಡೆದಾಡುತ್ತಲೇ ಕಲಿಯುತ್ತಿದ್ದ ಪಾಠ. ಕಾಡನ್ನು ಬಲ್ಲವರನ್ನು ಓಡಿಸಿದ ಮೇಲೆ ಅದನ್ನು ಮೊದಲಿನಿಂದ ಕಲಿಯಬೇಕಾಯಿತು. ಸಂಸ್ಥೆ ಕೊಡುವ ಲೆಕ್ಕದಂತೆ ಅಲ್ಲಿ 290ಕ್ಕೂ ಹೆಚ್ಚು ಜಾತಿಯ, ಇಪ್ಪತ್ತು ಲಕ್ಷಕ್ಕೂ ಮಿಗಿಲಾದ ಗಿಡಗಳನ್ನು ನೆಡಲಾಗಿದೆ. ಸುಮಾರು 170 ಬಗೆಯ ಹಕ್ಕಿಗಳು ಮರಳಿವೆ. ಬತ್ತಿದ್ದ ಒರತೆಗಳಲ್ಲಿ ನೀರು ಕಂಡಿದೆ.

ಬ್ರೆಜಿಲ್‌ಗೆ ಇದು ಮೊದಲ ಪ್ರಯೋಗವೇನಲ್ಲ. 1861ರಲ್ಲಿ ಚಕ್ರವರ್ತಿ ಎರಡನೆಯ ಪೆದ್ರೂ ರಾಜಧಾನಿಯ ನೀರಿನ ಬರ ನೀಗಿಸಲು ತಿಜುಕಾ ಬೆಟ್ಟದ ಹಾಳು ಕಾಫಿ ತೋಟಗಳಲ್ಲಿ ಕಾಡು ಬೆಳೆಸಲು ಆಜ್ಞೆ ಮಾಡಿದನು. ಮೇಜರ್ ಆರ್ಚರ್ ಎಂಬವನ ಕೈಕೆಳಗೆ ಆ ಸಸಿಗಳನ್ನು ನೆಟ್ಟವರು ಗುಲಾಮರು. ಅಲ್ಲಿ ಪರದೇಶದ ಮರಗಳಿಗೂ ಜಾಗ ಸಿಕ್ಕಿತು. ನಮ್ಮ ಹಲಸು ಆ ಕಾಡಿನಲ್ಲಿ ಎಷ್ಟು ಹಬ್ಬಿತೆಂದರೆ ಇಂದು ಅದನ್ನು ಕಳೆಯೆಂದು ಕೊಲ್ಲುತ್ತಾರೆ. ಗೇರನ್ನು ನಮಗೆ ಕೊಟ್ಟ ನಾಡಿಗೆ ನಾವು ಕೊಟ್ಟ ಹಲಸು ಹೀಗೆ ಹೊರೆಯಾಯಿತು. ಬುಲ್ಕಾಂವ್‌ನಲ್ಲಿ ಸ್ಥಳೀಯ ಜಾತಿಗಳಿಗಷ್ಟೇ ಅವಕಾಶವಿತ್ತುದರ ಮಹತ್ವ ತಿಜುಕಾದ ಎದುರಿಗಿಟ್ಟಾಗ ತಿಳಿಯುತ್ತದೆ. ಹಾಗೆಂದು ಹುಲ್ಲಿದ್ದ ಕಡೆಯೆಲ್ಲ ಕಾಡು ನೆಡಬೇಕೆಂಬ ಹುಮ್ಮಸ್ಸೂ ಸಲ್ಲದು. ಕುದುರೆಮುಖದ ನೆತ್ತಿಯ ಹುಲ್ಲುಗಾವಲು ಕೆಟ್ಟ ಕಾಡಲ್ಲ, ಶೋಲೆಯ ಜೊತೆಗಾರ. ಮಲೆನಾಡಿನ ಗೋಮಾಳ, ಬ್ಯಾಣಗಳಲ್ಲಿ ಅಕೇಶಿಯ ತುಂಬಿಸಿ ಅದನ್ನು ಅರಣ್ಯವೆಂದು ಕರೆದ ಅನುಭವ ಈ ನಾಡಿಗೂ ಇದೆ. ಯಾವ ಹುಲ್ಲಿನ ಕೆಳಗೆ ಕಾಡಿನ ನೆನಪಿದೆ, ಯಾವುದರ ಕೆಳಗಿಲ್ಲ ಎಂದು ಹೇಳಬೇಕಾದವರು ಆ ನೆಲದಲ್ಲಿ ಬಾಳಿದವರು.

2015ರ ನವೆಂಬರ್ 5ರಂದು ಮರಿಯಾನಾ ಸೀಮೆಯಲ್ಲಿ ಸಮಾರ್ಕೊ ಕಂಪನಿಯ ಅದಿರು ತ್ಯಾಜ್ಯದ ಫುಂಡಾಂವ್ ಕಟ್ಟೆ ಒಡೆಯಿತು. ಸಮಾರ್ಕೊದ ಇಬ್ಬರು ಒಡೆಯರಲ್ಲಿ ಹೊಳೆಯ ಹೆಸರು ಹೊತ್ತು ಹುಟ್ಟಿದ ಆ ಅದಿರು ಕಂಪನಿ ಒಂದು. ಕಾಡಿಗೆ ಮೊದಲ ಸಸಿ ಕೊಟ್ಟದ್ದೂ ಅದೇ. 19 ಮಂದಿ ಸತ್ತರು. ಕೆಸರು 600 ಕಿಲೊಮೀಟರಿಗೂ ಹೆಚ್ಚು ದೂರ ಹೊಳೆಯುದ್ದಕ್ಕೂ ಹರಿದು ಅದೇ ತಿಂಗಳು ಕಡಲನ್ನು ಸೇರಿತು. ಕ್ರೆನಾಕರು ಅದಿರಿನ ರೈಲುಹಳಿಯ ಮೇಲೆ ಕುಳಿತು ನೀರು ಕೇಳಿದರು. ಮೀನು ಹಿಡಿಯುವಂತಿಲ್ಲ, ಮಕ್ಕಳಿಗೆ ಮೀಯಿಸಿ ಹೆಸರಿಡುವಂತಿಲ್ಲ, ದಡದ ಆಚರಣೆಗಳನ್ನು ನಡೆಸುವಂತಿಲ್ಲ. ಹೊಳೆಯ ನೀರು ಕೆಟ್ಟಿತೆಂದು ಸರಕಾರದ ವರದಿಗಳು ಬರೆದವು; ಅಜ್ಜ ಸತ್ತನೆಂದು ಕ್ರೆನಾಕರು ಅತ್ತರು. ಈ ಎರಡು ಮಾತುಗಳ ನಡುವೆ ಇರುವುದು ಬರಿಯ ಭಾಷಾಂತರದ ಅಂತರವಲ್ಲ. ಮೊದಲನೆಯದಕ್ಕೆ ಪರಿಹಾರದ ಮೊತ್ತ ಗೊತ್ತುಮಾಡಬಹುದು. ಎರಡನೆಯದಕ್ಕೆ ಯಾವ ದರಪಟ್ಟಿಯೂ ಇಲ್ಲ.

ಸಂಸ್ಥೆಯ ಕೆಲಸ ಬುಲ್ಕಾಂವ್ ಬೇಲಿಯ ಆಚೆಗೆ ಹರಡಿದ್ದು ಒರತೆಗಳ ಮೂಲಕ. ‘ಓಲ್ಯುಸ್ ದಾಗ್ವಾ’ ಎಂಬುದು 2010ರಿಂದ ನಡೆದ ಯೋಜನೆಯ ಹೆಸರು. ಪೋರ್ಚುಗೀಸ್ ಆಡುನುಡಿಯಲ್ಲಿ ಒರತೆಗೆ ‘ನೀರಿನ ಕಣ್ಣು’ ಎನ್ನುತ್ತಾರೆ. ಬಾವಿ ತೋಡುವಾಗ ಜಲದ ಕಣ್ಣು ಒಡೆಯಿತೆನ್ನುವ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣಿವೆಯ ಸಣ್ಣ ಹಿಡುವಳಿದಾರರಿಗೆ ತಂತಿ, ಕಂಬ, ಸಸಿ ಕೊಟ್ಟು ಒರತೆಯ ಸುತ್ತ ದನ ಹೋಗದಂತೆ ಬೇಲಿ ಹಾಕಿಸುವುದು ಅದರ ಕ್ರಮ. ದನವನ್ನು ಪೂರ್ತಿ ಬಿಡಬೇಕೆಂದು ಯಾರಿಗೂ ಹೇಳುವುದಿಲ್ಲ. ಕಾಡು ಕಡಿದು ನೆಲದ ಒಡೆಯರಾದವರ ಮೊಮ್ಮಕ್ಕಳು ಒಡೆತನವನ್ನು ಬಿಡದೆಯೇ ಒಂದಷ್ಟು ನೆಲವನ್ನು ಕಾಡಿಗೆ ಬಿಟ್ಟುಕೊಡುವ ದಾರಿ ಇದು. ಬುಲ್ಕಾಂವ್‌ನ ದೊಡ್ಡ ಕಾಡಿಗಿಂತ ಚದುರಿದ ಈ ಸಣ್ಣ ಬೇಲಿಗಳೇ ಹೆಚ್ಚು ಕಾಲ ಬಾಳುವ ಕೆಲಸವೆನ್ನಿಸಿದರೆ ತಪ್ಪಿಲ್ಲ.

ಸಾಲ್ಗಾದೊ 2025ರ ಮೇ 23ರಂದು ತೀರಿಕೊಂಡರು. ಐಲ್ಟನ್ ಕ್ರೆನಾಕ್ 2023ರಲ್ಲಿ ಬ್ರೆಜಿಲ್‌ನ ಸಾಹಿತ್ಯ ಅಕಾಡೆಮಿಗೆ ಆಯ್ಕೆಯಾದ ಮೊದಲ ಆದಿವಾಸಿಯಾದರು. 2024ರ ಏಪ್ರಿಲ್ 2ರಂದು ಬ್ರೆಜಿಲ್‌ನ ಕ್ಷಮಾದಾನ ಆಯೋಗವು, ಸೈನಿಕ ಆಡಳಿತದಲ್ಲಿ ನಡೆದ ದೌರ್ಜನ್ಯಗಳಿಗಾಗಿ, ಕ್ರೆನಾಕ್ ಸಮುದಾಯದ ಕ್ಷಮೆ ಕೇಳಿತು. ಆದರೆ ಅವರ ಗುಹೆಗಳಿರುವ ‘ಏಳು ಪಡಸಾಲೆ’ ಎಂಬ ಬೆಟ್ಟ 1997ರಲ್ಲಿ ಮರಳಿದ ನೆಲದ ಹೊರಗೇ ಉಳಿದಿತ್ತು. 1998ರಲ್ಲಿ ರಾಜ್ಯ ಸರಕಾರ ಅದನ್ನು ರಕ್ಷಿತ ಉದ್ಯಾನವೆಂದು ಘೋಷಿಸಿತು. ಕಾಡಿಗೆ ಕಾವಲು ಸಿಕ್ಕಿತು, ಕಾಡಿನವರಿಗೆ ಬಾಗಿಲು ತೆರೆಯಲಿಲ್ಲ. ಅದು ಕ್ರೆನಾಕರ ಪಾರಂಪರಿಕ ನೆಲವೆಂದು ಆದಿವಾಸಿ ಇಲಾಖೆ ಎಲ್ಲೆ ಗುರುತಿಸಿ ಪ್ರಕಟಿಸಿದ್ದು 2023ರಲ್ಲಿ. ಐಮೊರೆಸ್ ಪಟ್ಟಣದ ಹೆಸರು ಮಾತ್ರ ಈಗಲೂ ಹಗೆಯಿಟ್ಟದ್ದೇ ಆಗಿ ಉಳಿದಿದೆ.